ನಾನು ಕೂತರೆ ಮಾತ್ರ ಹೊತ್ತುವ ದೀಪ

ಕೀಲಿ ತಿರುವಿದ ಕೂಡಲೇ ಕಾರು ಓಡಿಸಿಕೊಂಡು ಹೊರಟುಬಿಡುವವರನ್ನು ಕಂಡರೆ ನನಗೆ ಇವತ್ತಿಗೂ ಆಶ್ಚರ್ಯ. ನನ್ನಿಂದ ಅದು ಆಗುವುದಿಲ್ಲ. ಎಂಜಿನ್ ಚಾಲೂ ಮಾಡಿ, ಎದುರಿನ ಫಲಕದ ಮೇಲೆ ಹೊತ್ತಿಕೊಂಡ ದೀಪಗಳೆಲ್ಲ ಆರುವ ತನಕ ಗೇರಿಗೆ ಕೈ ಹಾಕದೆ ಕೂತಿರುತ್ತೇನೆ. ಎಣ್ಣೆಯದು ಆರುತ್ತದೆ, ಬ್ಯಾಟರಿಯದು ಆರುತ್ತದೆ. ಕೊನೆಗೆ ಎರಡು ಹಳದಿ ದೀಪ ಉಳಿದಿರುತ್ತವೆ. ಅವೂ ಆರಿದ ಮೇಲೆ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಡುತ್ತೇನೆ. ಮೊನ್ನೆ ಪಕ್ಕದಲ್ಲಿ ಕೂತಿದ್ದ ಗೆಳತಿ, "ಯಾವ ದೇವರ ಮಂತ್ರ ಹೇಳ್ತೀ?" ಎಂದು ಕೇಳಿದಳು. ಮಂತ್ರವೂ ಇಲ್ಲ, ದೇವರೂ ಇಲ್ಲ. ಆ ಎರಡು ಹಳದಿ ದೀಪಗಳ ಜೊತೆ ನನಗೊಂದು ಹಳೆಯ ಜಗಳವಿದೆ, ಅಷ್ಟೇ. ಆ ಜಗಳವನ್ನು ನೆನೆಸಿಕೊಂಡರೆ ಈಗಲೂ ಮೈಯಲ್ಲಿ ಹುರುಪು ಬರುತ್ತದೆ. ಕೇಳುವವರು ಸಿಕ್ಕರೆ ಬಿಡುವವಳಲ್ಲ ನಾನು. ಈಗ ನೀವು ಸಿಕ್ಕಿದ್ದೀರಿ.

ಮದುವೆಯಾಗಿ ಬಿಜಾಪುರದಿಂದ ಪುಣೆಗೆ ಬಂದಾಗ ತೊಂಬತ್ತರ ದಶಕದ ಶುರು. ನಮ್ಮವರದು ಭೋಸರಿಯಲ್ಲಿ ಹಿಟ್ಟಿನ ಗಿರಣಿ. ಸುತ್ತಲೂ ಕಾರ್ಖಾನೆಗಳು. ಅಲ್ಲಿಯೂ ಕಟ್ಟಡದ ಕೆಲಸಗಳಲ್ಲಿಯೂ ನಮ್ಮ ಕಡೆಯ ಜನ ತುಂಬಿಕೊಂಡಿದ್ದರು. ಜೋಳದ ರೊಟ್ಟಿ ಇಲ್ಲದೆ ಅವರಿಗೆ ಊಟ ಮಾಡಿದಂತಾಗುವುದಿಲ್ಲ. ಜೋಳವನ್ನು ಹಿಟ್ಟು ಸುಡದಂತೆ, ಹದವಾಗಿ ಬೀಸಿಕೊಡುವವರು ಬೇಕಲ್ಲ, ಆ ಜಾಗದಲ್ಲಿ ನಾವಿದ್ದೆವು. ಬಂದ ಹೊಸತರಲ್ಲಿ ನಾನು ಹಿಟ್ಟಿನ ಧೂಳಿಗೆ ಸೀನುತ್ತಾ ಮೂಲೆಯಲ್ಲಿ ನಿಂತಿರುತ್ತಿದ್ದೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಗಿರಣಿಯ ಮುಂದಿನ ಜಗಳಗಳನ್ನು ಮರಾಠಿಯಲ್ಲೂ ಕನ್ನಡದಲ್ಲೂ ಬಿಡಿಸುವ ಮಟ್ಟಕ್ಕೆ ಬಂದೆ. ಯಾರ ಡಬ್ಬಿ ಮೊದಲು ಎಂಬ ಜಗಳವನ್ನು ಬಿಡಿಸಬಲ್ಲವಳು ಲೋಕದಲ್ಲಿ ಯಾವ ಜಗಳವನ್ನಾದರೂ ಬಿಡಿಸಬಲ್ಲಳು ಎಂಬುದು ನನ್ನ ಜಂಬ.

ಗಿರಣಿಯಲ್ಲಿ ನನಗೆಂದೇ ಮೀಸಲಾದ ಒಂದು ಕೆಲಸವಿತ್ತು. ಕಾಳು ಸುರಿಯುವ ತಗಡಿನ ಡಬ್ಬದ ಬಾಯಲ್ಲಿ ಒಂದು ಅಯಸ್ಕಾಂತ ಕೂಡಿಸಿರುತ್ತಾರೆ. ಜೋಳದ ಜೊತೆ ಬರುವ ಮೊಳೆ, ಗುಂಡುಪಿನ್ನು, ತಂತಿಯ ಚೂರುಗಳು ಬೀಸುವ ಕಲ್ಲಿಗೆ ಹೋಗದಂತೆ ಅದು ಹಿಡಿದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಮೋಟಾರು ಚಾಲೂ ಮಾಡುವ ಮುಂಚೆ ಅದಕ್ಕೆ ಮೆತ್ತಿದ್ದನ್ನೆಲ್ಲ ಒರೆಸಬೇಕು. ಒರೆಸದಿದ್ದರೆ ಅದರ ಮೇಲೆ ಕಬ್ಬಿಣದ ಮೀಸೆ ಬೆಳೆದು, ಮೀಸೆಯೊಳಗೆ ಅಯಸ್ಕಾಂತ ಮುಚ್ಚಿಹೋಗಿ, ಹೊಸದಾಗಿ ಬಂದ ಮೊಳೆಯನ್ನು ಹಿಡಿಯುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ನಮ್ಮವರು ಇದನ್ನು ಬೇಸರದ ಕೆಲಸ ಎನ್ನುತ್ತಿದ್ದರು. ನನಗೆ ಮಾತ್ರ ಭಾರಿ ಇಷ್ಟ. ಸಣ್ಣವಳಿದ್ದಾಗ ನಮ್ಮ ಓಣಿಯಲ್ಲಿ ಯಾರಾದರೂ ಮನೆ ಕಟ್ಟಿಸಲು ಮರಳು ಹಾಕಿಸಿದರೆ ನಮಗೆ ಹಬ್ಬ. ಕೆಟ್ಟ ರೇಡಿಯೊದಿಂದ ಕಿತ್ತ ಅಯಸ್ಕಾಂತಕ್ಕೆ ದಾರ ಕಟ್ಟಿ, ಆ ಮರಳಿನಲ್ಲಿ ಎಳೆದಾಡಿ, ಅಂಟಿಕೊಂಡ ಕರಿ ಪುಡಿಯನ್ನು ಔಷಧದ ಶೀಸೆಯಲ್ಲಿ ತುಂಬುತ್ತಿದ್ದೆವು. ಆ ಪುಡಿಯನ್ನು ಕಾಗದದ ಮೇಲೆ ಹಾಕಿ ಕೆಳಗಿನಿಂದ ಅಯಸ್ಕಾಂತ ಆಡಿಸಿದರೆ ಅದು ನೆಟ್ಟಗೆ ನಿಂತು ನಡೆದಾಡುತ್ತಿತ್ತು. ಶಾಲೆಯ ಪುಸ್ತಕ ತೆಗೆಯೆಂದರೆ ಮುಖ ಗಂಟಿಕ್ಕುತ್ತಿದ್ದ ನಾನು ಇದನ್ನು ಸಂಜೆ ದೀಪ ಹಚ್ಚುವ ತನಕ ನೋಡುತ್ತಾ ಕೂತಿರುತ್ತಿದ್ದೆ.

ಎಲ್ಲಿಂದ ಎಲ್ಲಿಗೋ ಬಂದೆ. ಕಾರಿನ ಮಾತಲ್ಲವೇ ನಾವು ಆಡುತ್ತಿದ್ದದ್ದು.

ಕಾರು ಬಂದದ್ದು ಎರಡು ಸಾವಿರದ ಆರೋ ಏಳೋ ಇಸವಿಯಲ್ಲಿ. ತಳೇಗಾಂವದ ಕಾರ್ಖಾನೆಯೊಂದರ ದೊಡ್ಡ ಅಧಿಕಾರಿಗೆ ದೂರದ ಊರಿಗೆ ವರ್ಗವಾಗಿತ್ತು. ಅದೇ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ನನ್ನ ಮೈದುನ ಬಸು ಸುದ್ದಿ ತಂದ. ನಮ್ಮ ಮನೆಯಲ್ಲಿ ಅದುವರೆಗೆ ಒಂದು ಸ್ಕೂಟರ್, ಹಿಟ್ಟಿನ ಚೀಲ ಹೊರುವ ಒಂದು ಟೆಂಪೊ ಬಿಟ್ಟರೆ ಬೇರೆ ಗಾಡಿಯಿರಲಿಲ್ಲ. ಅಂಥ ಮನೆಗೆ ಈ ಉದ್ದನೆಯ, ಬೂದುಬಣ್ಣದ ಕಾರು ಬಂದು ನಿಂತಾಗ ಓಣಿಯ ಜನ ಬಾಗಿಲಿಗೆ ಬಂದು ನೋಡಿದರು. ಜೋರಾಗಿ ಬ್ರೇಕ್ ಒತ್ತಿದರೂ ಗಾಲಿ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ, ಕೆಸರಿನಲ್ಲಿ ಗಾಲಿ ಸುಮ್ಮನೆ ತಿರುಗದಂತೆ ತಡೆಯುವ ವ್ಯವಸ್ಥೆ, ಏನೇನೋ ಇತ್ತು ಅದರಲ್ಲಿ. ಬಸು ಒಂದೊಂದನ್ನೂ ತಾನೇ ಕಂಡುಹಿಡಿದವನಂತೆ ವಿವರಿಸಿದ.

ಕಾರನ್ನು ಯಾರು ಓಡಿಸಬೇಕು ಎಂಬ ಮಾತು ಬಂದಾಗ ನಮ್ಮ ಅತ್ತೆ, ಅಂದರೆ ನಮ್ಮವರ ತಾಯಿ, ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟರು. "ಇವನಿಗೆ ಗಿರಣಿ ಬಿಟ್ಟು ಬರ್ಲಿಕ್ಕೆ ಆಗೂದಿಲ್ಲ. ಬಸು ಕೈಯಾಗ ಸಿಗೂದಿಲ್ಲ. ಸುಮಿತ್ರಾ ಕಲೀಲಿ." ಆ ಕ್ಷಣ ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ದೇಹೂ ರೋಡಿನ ಕಡೆ ಮಿಲಿಟರಿಯವರ ಖಾಲಿ ರಸ್ತೆಗಳಲ್ಲಿ ಮುಂಜಾನೆ ಹೋಗಿ ಕಲಿತೆ. ಕಲಿಸಿದ ಮಾಸ್ತರರು ಎರಡು ಉಪದೇಶ ಕೊಟ್ಟಿದ್ದರು. ಸಾವಕಾಶ ಹೋಗು, ಎಡಕ್ಕೆ ಅಂಟಿಕೊಂಡು ಹೋಗು. ಎರಡನ್ನೂ ನಾನು ವೇದವಾಕ್ಯವೆಂದು ಪಾಲಿಸಿದೆ. ನನ್ನನ್ನು ಸೈಕಲ್ಲಿನವರು ಹಿಂದೆ ಹಾಕಿ ಹೋಗುತ್ತಿದ್ದರು. ಒಮ್ಮೆ ತರಕಾರಿಯ ಕೈಗಾಡಿಯವನೂ ಹಿಂದೆ ಹಾಕಿದ. ಹೋಗಲಿ ಬಿಡಿ, ಅವನಿಗೇನು ಅವಸರವಿತ್ತೋ.

ಲೈಸೆನ್ಸ್ ಕೈಗೆ ಬಂದ ಸಂತೋಷ ಇನ್ನೂ ಹಸಿಯಾಗಿರುವಾಗಲೇ ಆ ದೀಪಗಳು ಹೊತ್ತಿಕೊಂಡವು. ಒಂದು, ಬ್ರೇಕಿನದು. ಇನ್ನೊಂದರಲ್ಲಿ ಕಾರಿನ ಚಿತ್ರ, ಅದರ ಹಿಂದೆ ಹಾವು ಹರಿದಂತೆ ಎರಡು ಗೆರೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಇದೇನವಾ, ಈ ಗಾಡಿ ಕುಡದು ಬಂದಂಗ ಕಾಣ್ತದಲ್ಲ?" ನಾನು ಎಂಜಿನ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಎರಡೂ ಮಾಯ. ಸಮಾಧಾನವಾಯಿತು. ಮರುದಿನ ಓಣಿಯ ತಿರುವಿನಲ್ಲಿ ಮತ್ತೆ ಜೋಡಿಯಾಗಿ ಪ್ರತ್ಯಕ್ಷವಾದವು.

ಅಲ್ಲಿಂದ ಶುರುವಾಯಿತು ನಮ್ಮ ಪಾಡು. ನಮ್ಮ ಓಣಿಯ ತುದಿಯಲ್ಲಿ ಕದಮ್ ಎಂಬ ಮೇಸ್ತ್ರಿಯ ಗ್ಯಾರೇಜಿತ್ತು. ಅವನು ಕಾರನ್ನು ನಾಸಿಕ್ ರಸ್ತೆಗೆ ಒಯ್ದು ಓಡಿಸಿಕೊಂಡು ಬಂದು, "ವಹಿನೀ, ಗಾಡೀತ ಕಾಯ್ ಪಣ್ ನಾಹೀ" ಎಂದ. ಗಾಡಿಯಲ್ಲಿ ಏನೇನೂ ಇಲ್ಲವಂತೆ. ಕಂಪ್ಯೂಟರ್ ಹಚ್ಚಿ ರೋಗ ಹೇಳುವ ದೊಡ್ಡ ವರ್ಕ್‌ಶಾಪಿಗೆ ಹೋದರೆ ಅವರ ವೈರಿನ ಪಿನ್ನು ನಮ್ಮ ಕಾರಿಗೆ ಕೂಡಲಿಲ್ಲ. ಬಸು ರವಿವಾರ ಬಂದು ಕಾರನ್ನು ಇಡೀ ಊರು ಸುತ್ತಿಸಿದ. ದೀಪ ಹೊತ್ತಲಿಲ್ಲ. ನಮ್ಮವರು ಒಮ್ಮೆ ಓಡಿಸಿದರು. ಹೊತ್ತಲಿಲ್ಲ. ನಾನು ಕೂತು ಗಿರಣಿಯ ಮುಂದಿನಿಂದ ತಿರುವಿನ ತನಕ ಹೋದೆ. ಹೊತ್ತಿತು.

ಕದಮ್ ಬುದ್ಧಿವಂತ. ಆ ದೀಪ ಒಮ್ಮೆ ತನ್ನ ಕಣ್ಣೆದುರು ಹೊತ್ತಿದರೆ ಸಾಕು, ಯಾವ ಗಾಲಿಯ ದೋಷವೆಂದು ಮೀಟರ್ ಹಚ್ಚಿ ಹಿಡಿಯುತ್ತೇನೆ ಎಂದ. ಒಂದು ಸಂಜೆ ನನ್ನ ಪಕ್ಕದಲ್ಲೇ ಬಂದು ಕೂತ. ಈಗ ನನ್ನ ಬುದ್ಧಿ ನೋಡಿ. ಪಕ್ಕದಲ್ಲಿ ಮೇಸ್ತ್ರಿ ಕೂತಿದ್ದಾನೆ, ಗಾಡಿ ಓಡಿಸಲು ಬರುವುದಿಲ್ಲ ಎಂದುಕೊಂಡಾನು ಎಂಬ ಭಯಕ್ಕೆ ನಾನು ಅವತ್ತು ಯಾವತ್ತೂ ಒತ್ತದಷ್ಟು ಒತ್ತಿದೆ. ಎರಡು ಬಸ್ಸುಗಳನ್ನು ಹಿಂದೆ ಹಾಕಿದೆ. ಕದಮ್ ಬಾಗಿಲ ಹಿಡಿ ಬಿಡಲಿಲ್ಲ. ದೀಪ ಕಣ್ಣು ಬಿಡಲಿಲ್ಲ. ಇಳಿಯುವಾಗ ಅವನು ನನ್ನ ಕಡೆಗೆ ಒಂದು ಥರ ನೋಡಿ ನಮಸ್ಕಾರ ಮಾಡಿ ಹೋದ.

ಮನೆಯಲ್ಲಿ ಗಂಡಸರ ತೀರ್ಪು ಬಂದುಬಿಟ್ಟಿತು. ದೋಷ ಕಾರಿನಲ್ಲಿಲ್ಲ, ಕೈಯಲ್ಲಿದೆ. ಬಸು ನಯವಾಗಿ ಹೇಳಿದ, "ವೈನಿ, ತಪ್ಪು ತಿಳ್ಕೋಬ್ಯಾಡ್ರಿ. ಗಾಡಿ ಭಾಳ ಚೊಲೋ ಅದ. ಅದಕ್ಕ ನಿಮ್ಮ ಕೈ ಗುರ್ತು ಹತ್ತಿಲ್ಲ, ಅಷ್ಟೇ." ನಯವಾಗಿ ಹೇಳಿದ್ದಕ್ಕೇ ನನಗೆ ಹೆಚ್ಚು ಉರಿಯಿತು.

ಅದೇ ಹೊತ್ತಿಗೆ ಬಿಜಾಪುರದ ಕಡೆಯ ಇಂಡಿ ಎಂಬ ಊರಿನಿಂದ ಅತ್ತೆಯ ತಂಗಿಯ ಫೋನು. ಅವರ ಮೊಮ್ಮಗಳಿಗೆ ತೊಟ್ಟಿಲ ಕಾರ್ಯ, ಬರುವ ವಾರವೇ. ಅತ್ತೆ ಫೋನಿನಲ್ಲಿ ಮಾತಾಡಿದರೆ ಇಂಡಿಗೆ ಫೋನಿಲ್ಲದೆಯೂ ಕೇಳಿಸುತ್ತದೆ. "ಬಸ್ಸು ಯಾಕ? ನಮ್ಮ ಸುಮಿತ್ರಾನೇ ಗಾಡಿ ಹೊಡಕೊಂಡು ಬರ್ತಾಳ. ಡ್ರೈವರ್ ಗೀವರ್ ಏನೂ ಇಲ್ಲ. ಊರ ಮಂದಿಗೆಲ್ಲ ಹೇಳಿಡು." ಅತ್ತೆ ಫೋನಿಟ್ಟ ಮೇಲೆ ನಮ್ಮವರು ಮೆಲ್ಲಗೆ ಬಾಯಿ ಬಿಟ್ಟರು. "ಈ ಸಲ ಬಸು ಹೊಡೀಲಿ. ಬ್ರೇಕಿನ ಮಾತು ಅದ. ಅಷ್ಟು ದೂರ ಅವ್ವನ್ನ ಕೂಡಿಸ್ಕೊಂಡು ಹೋಗೂದು." ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬ್ರೇಕಿನ ದೀಪ ಹೊತ್ತುವ ಗಾಡಿಯಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಹೋಗುವ ಧೈರ್ಯ ನನಗೂ ಇರಲಿಲ್ಲ. ಆದರೆ ಆ ಊರಿನ ಅಗಸಿಯ ಹೆಬ್ಬಾಗಿಲೊಳಗೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುತ್ತಾ ಹೋಗಬೇಕೆಂಬ ಆಸೆ ಎಷ್ಟಿತ್ತೆಂದರೆ ಅವತ್ತು ನನಗೆ ಊಟ ಸೇರಲಿಲ್ಲ. ಅತ್ತೆ ಮಾತ್ರ, "ಬಸು ಹೊಡದ್ರ ನಾ ಬಸ್ಸಿಗೇ ಹೋಗ್ತೀನಿ" ಎಂದು ಗೋಡೆಗೆ ತಿರುಗಿ ಮಲಗಿದರು.

ಎರಡು ದಿನ ಬಿಟ್ಟು ಭೋಸರಿಯ ಮುಖ್ಯ ರಸ್ತೆಯಲ್ಲಿ ಒಂದು ಮದುವೆಯ ಮೆರವಣಿಗೆ ಅಡ್ಡ ಬಂತು. ಬ್ಯಾಂಡು, ಕುದುರೆಯ ಮೇಲೆ ಮದುಮಗ, ಮುಂದೆ ಕುಣಿಯುವ ಗೆಳೆಯರು. ನಾನು ಕಾರಿನಲ್ಲಿ ಅವರ ಬೆನ್ನ ಹಿಂದೆ ತೆವಳುತ್ತಿದ್ದೆ. ದೀಪಗಳು ಹೊತ್ತಿಕೊಂಡವು. ಬೇಸರದಿಂದ ಪಕ್ಕಕ್ಕೆ ನಿಲ್ಲಿಸಿ, ಬಂದ್ ಮಾಡಿ, ಮತ್ತೆ ಚಾಲೂ ಮಾಡಿದೆ. ತೆವಳಿದೆ. ಮತ್ತೆ ಹೊತ್ತಿಕೊಂಡವು. ಆಗ, ಆ ಬ್ಯಾಂಡಿನ ಗದ್ದಲದ ನಡುವೆ, ನನ್ನ ತಲೆಯಲ್ಲಿ ಏನೋ ಪಟ್ಟನೆ ಕೂಡಿಕೊಂಡಿತು. ಬಸು ಯಾವತ್ತಾದರೂ ಹೀಗೆ ತೆವಳಿದ್ದುಂಟೇ? ಕದಮ್ ನಾಸಿಕ್ ರಸ್ತೆಯಲ್ಲಿ ತೆವಳಿದನೇ? ಅವನು ಪಕ್ಕದಲ್ಲಿ ಕೂತ ದಿನ ನಾನಾದರೂ ತೆವಳಿದೆನೇ? ದೀಪಕ್ಕೆ ನನ್ನ ಕೈ ಬೇಕಿರಲಿಲ್ಲ, ನನ್ನ ಸಾವಕಾಶ ಬೇಕಿತ್ತು. ನನಗೆ ಆದ ಸಂತೋಷಕ್ಕೆ ನಾನು ಹಾರ್ನ್ ಒತ್ತಿಯೇ ಒತ್ತಿದೆ. ಮುಂದೆ ಕುಣಿಯುತ್ತಿದ್ದವರು ಅದನ್ನೂ ವಾದ್ಯದಲ್ಲಿ ಸೇರಿಸಿಕೊಂಡು ಇನ್ನಷ್ಟು ಕುಣಿದರು.

ರವಿವಾರ ಬೆಳಿಗ್ಗೆ ಬಸು ಬಂದ. ನಾನು ಕೀಲಿಯನ್ನು ಅವನ ಕೈಗಿಟ್ಟೆ. "ಇವತ್ತ ನೀನೇ ಹೊಡಿ. ಒಂದೇ ಕರಾರು. ಅತ್ತಿಯವರು ಹೆಂಗ ಹೇಳ್ತಾರೋ ಹಂಗ ಹೊಡೀಬೇಕು." ಅತ್ತೆಗೆ ಮೊದಲೇ ಎಲ್ಲ ಹೇಳಿಟ್ಟಿದ್ದೆ. ಅವರು ಹಿಂದಿನ ಸೀಟಿನ ನಡುವೆ ಕಾಲು ಮಡಚಿ ಕೂತು ಕಾರುಬಾರು ಶುರುಮಾಡಿದರು.

"ಎಡಕ್ಕ ಹೊಂದ್ಕೊಂಡು ಹೋಗು. ಹಾಂ. ಈಗ ನಿನ್ನ ಮುಂದ ಒಬ್ಬಾಕಿ ಬಾಣಂತಿ ಕೂಸಿನ್ನ ಎತ್ಕೊಂಡು ನಡದು ಹೊಂಟಾಳ ಅಂತ ತಿಳ್ಕೋ. ಅಕಿ ಹಿಂದ ಹೊಡಿ."

"ಅವ್ವಾ, ಇಷ್ಟು ಸಾವಕಾಶ ಹೋದ್ರ ಎಂಜಿನ್ ಬಂದ್ ಬೀಳ್ತದ."

"ಬಂದ್ ಬೀಳೂದಿಲ್ಲ. ಸುಮಿತ್ರಾ ದಿನಾ ಹೊಡೀತಾಳ. ಬಾಣಂತಿಗೆ ಹಾಯಬ್ಯಾಡ, ಸಾವಕಾಶ."

ಬಸು ಹಲ್ಲು ಕಚ್ಚಿಕೊಂಡು ತೆವಳಿದ. ಸೈಕಲ್ಲಿನವನೊಬ್ಬ ಹಿಂದೆ ಹಾಕಿ ಹೋದ. ಹೊತ್ತದಿದ್ದರೆ ಎಲ್ಲ ಮುಗಿಯಿತು, ಇಂಡಿಯ ದಾರಿಯಲ್ಲಿ ನಾನು ಹಿಂದಿನ ಸೀಟು, ಆಮೇಲೆ ಬಹುಶಃ ಎಂದೆಂದಿಗೂ ಹಿಂದಿನ ಸೀಟೇ. ಓಣಿಯ ತಿರುವು ಬಂತು. ಬಸು ಫಲಕದ ಕಡೆಗೆ ಬಗ್ಗಿದ.

"ದೀಪ ಹತ್ತೇದೇನು?" ಎಂದರು ಅತ್ತೆ.

"ಹತ್ತೇದ" ಎಂದ ಬಸು.

"ಅಯ್ಯ, ನಿನ್ನ ಕೈ ಗುರ್ತೂ ಹತ್ತಿಲ್ಲ ಹಂಗಾರ ಅದಕ್ಕ."

ನಾನು ಅತ್ತೆಯ ಕೈ ಹಿಡಿದು ಒತ್ತಿದೆ. ಎಂಜಿನ್ ಬಂದ್ ಮಾಡಕೂಡದೆಂದು ಬಸುವಿಗೆ ತಾಕೀತು ಮಾಡಿದೆ. ಹಚ್ಚಿದ ಆರತಿಯನ್ನು ಗಾಳಿಗೆ ಆರದಂತೆ ಒಯ್ಯುವ ಹಾಗೆ ಮೂವರೂ ಸೇರಿ ಆ ದೀಪಗಳನ್ನು ಕದಮನ ಗ್ಯಾರೇಜಿನ ತನಕ ಒಯ್ದೆವು. ಕದಮ್ ಚಹಾದ ಲೋಟ ಕೆಳಗಿಟ್ಟು ಓಡಿಬಂದ. ಅವನಿಗೂ ಈ ದೀಪ ನಿದ್ದೆಗೆಡಿಸಿತ್ತೆಂದು ಕಾಣುತ್ತದೆ, ಕಂಡವನೇ ಚಪ್ಪಾಳೆ ತಟ್ಟಿದ.

ಸಾವಕಾಶ ಹೋದರೆ ಮಾತ್ರ ಹೊತ್ತುತ್ತದೆ ಎಂದು ನಾನು ಹೇಳಿದ ಮೇಲೆ ಅವನು ಗಾಡಿಯನ್ನು ಎತ್ತರಿಸಿ, ಒಂದೊಂದೇ ಗಾಲಿಯನ್ನು ಕೈಯಿಂದ ಸಾವಕಾಶ ತಿರುಗಿಸಿ ಮೀಟರ್ ಹಿಡಿದ. ಮೂರು ಗಾಲಿಗಳಲ್ಲಿ ಮುಳ್ಳು ಕುಣಿಯಿತು. ಮುಂದಿನ ಎಡಗಾಲಿಯಲ್ಲಿ ಅಲ್ಲಾಡಲಿಲ್ಲ. ಜೋರಾಗಿ ತಿರುಗಿಸಿದರೆ ಅಲ್ಲಾಡಿತು. ಅವನು ವಿವರಿಸಿದ. ಪ್ರತಿಯೊಂದು ಗಾಲಿಯ ಹತ್ತಿರ ಒಂದು ಸಣ್ಣ ಸೆನ್ಸರ್ ಇರುತ್ತದೆ. ಗಾಲಿ ಎಷ್ಟು ವೇಗ ತಿರುಗುತ್ತಿದೆಯೆಂದು ಅದು ಬ್ರೇಕಿಗೆ ಹೇಳಬೇಕು. ನಾಲ್ಕರಲ್ಲಿ ಒಂದು ಸುಮ್ಮನಾದರೆ ಗಾಡಿಗೆ ಗಾಬರಿಯಾಗಿ ಎರಡೂ ದೀಪ ಹಚ್ಚುತ್ತದೆ. ಎಡಗಾಲಿಯ ಸೆನ್ಸರ್ ಸತ್ತಿಲ್ಲ, ಸಾವಕಾಶ ಹೋಗುವಾಗ ಅದರ ದನಿ ಏಳುತ್ತಿಲ್ಲ, ಅಷ್ಟೇ. ಆದರೆ ಯಾಕೆ ಏಳುತ್ತಿಲ್ಲ ಎಂಬುದು ಅವನಿಗೂ ಹೊಳೆಯಲಿಲ್ಲ. ಹೊಸದು ತರಿಸೋಣ, ಮುಂಬಯಿಯಿಂದ ಬರಲು ದಿನ ಹಿಡಿಯುತ್ತದೆ ಎಂದ. ತೊಟ್ಟಿಲ ಕಾರ್ಯಕ್ಕೆ ಅಷ್ಟು ದಿನವಿರಲಿಲ್ಲ.

"ಅದರೊಳಗ ಏನಿರ್ತದ?" ಎಂದು ನಾನು ಸುಮ್ಮನೆ ಬಾಯಿಮಾತಿಗೆ ಕೇಳಿದೆ, ಕನ್ನಡದಲ್ಲೇ. ಆಮೇಲೆ ನೆನಪಾಗಿ ಮರಾಠಿಯಲ್ಲಿ ಕೇಳಿದೆ.

"ಕಾಯ್ ನಾಹೀ ವಹಿನೀ. ತಾರ್, ಆಣಿ ಏಕ್ ಲೋಹಚುಂಬಕ್."

ತಂತಿ, ಜೊತೆಗೆ ಒಂದು ಅಯಸ್ಕಾಂತ.

ಈಗ ನಿಮಗೊಂದು ವಿಷಯ ಹೇಳಬೇಕು. ನಮ್ಮ ಗಿರಣಿಯ ಪಕ್ಕದಲ್ಲಿ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯಿತ್ತು. ಎರಕ ಹೊಯ್ದು ಸುಟ್ಟುಹೋದ ಕರಿ ಮರಳನ್ನು ಅವರು ಓಣಿಯ ತಗ್ಗುಗಳಿಗೆ ತುಂಬುತ್ತಿದ್ದರು. ಯಾರ ತಕರಾರೂ ಇರಲಿಲ್ಲ, ಮಳೆಗಾಲದಲ್ಲಿ ಕೆಸರಾಗದಲ್ಲ ಎಂದು ನಾವೇ ಕೇಳಿ ಹಾಕಿಸಿಕೊಳ್ಳುತ್ತಿದ್ದೆವು. ಆ ಮರಳೆಲ್ಲ ಓಣಿಯ ಎಡಬದಿಗೆ. ನಾನು ದಿನಾ ಕಾರು ನಿಲ್ಲಿಸುವುದು ಅದರ ಮೇಲೆ, ಮಾಸ್ತರರ ಮಾತಿನಂತೆ ಎಡಕ್ಕೆ ಅಂಟಿಕೊಂಡು ಹೋಗುವುದೂ ಅದರ ಮೇಲೆ. ಆ ಮರಳಿನಲ್ಲಿ ಕಬ್ಬಿಣ ಎಷ್ಟಿರಬಹುದೆಂದು ಔಷಧದ ಶೀಸೆ ತುಂಬಿದ ಹುಡುಗಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ಅದನ್ನು ಹೊರಗೆ ತೆಗೆ" ಎಂದೆ. ನನ್ನ ದನಿ ಕೇಳಿ ಕದಮ್ ಪ್ರಶ್ನೆ ಮಾಡದೆ ಬೋಲ್ಟು ಬಿಚ್ಚಿದ. ಹೆಬ್ಬೆರಳಿನಷ್ಟು ದೊಡ್ಡ ವಸ್ತು ಹೊರಬಂತು. ಅದರ ತುದಿ ಕಾಣಿಸುತ್ತಲೇ ಇರಲಿಲ್ಲ. ಕರ್ರಗೆ, ದಟ್ಟವಾಗಿ, ನೆಟ್ಟಗೆ ನಿಂತ ಕಬ್ಬಿಣದ ಕೂದಲು.

"ಹೇ ಬಘಾ," ಎಂದ ಕದಮ್, "ಹ್ಯಾಲಾ ತರ ದಾಢೀ ಆಲೀಯ."

ಇದಕ್ಕೆ ಗಡ್ಡ ಬಂದಿದೆ ಎಂದ ಅವನು. ಇಷ್ಟು ವರ್ಷ ನಾನು ಅದನ್ನು ಮೀಸೆ ಎನ್ನುತ್ತಿದ್ದೆ. ಅದೊಂದೇ ನಮ್ಮಿಬ್ಬರ ಭಿನ್ನಾಭಿಪ್ರಾಯ. ಸೆರಗಿನ ತುದಿಯಿಂದ ನಾನೇ ಅದನ್ನು ಒರೆಸಿದೆ. ಗಿರಣಿಯಲ್ಲಿ ಒರೆಸುವಂತೆಯೇ, ಬುಡದಿಂದ ತುದಿಗೆ, ಒಂದೇ ಎಳೆತ. ಮತ್ತೆ ಕೂಡಿಸಿ ಗಾಲಿಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ಮೀಟರಿನ ಮುಳ್ಳು ಕುಣಿಯಿತು. ನಾನೂ ಕುಣಿದೆನೆಂದು ಬಸು ಆಮೇಲೆ ಊರೆಲ್ಲ ಹೇಳಿಕೊಂಡು ಬಂದ. ಸುಳ್ಳಲ್ಲ. ಸ್ವಲ್ಪ ಕುಣಿದೆ.

ಗಂಡಸರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು. ನಾನು ಎಡಕ್ಕೆ ಅಂಟಿಕೊಂಡು ಹೋಗದಿದ್ದರೆ ಗಡ್ಡ ಬೆಳೆಯುತ್ತಿರಲಿಲ್ಲ, ಸಾವಕಾಶ ಹೋಗದಿದ್ದರೆ ಯಾರಿಗೂ ಕಾಣುತ್ತಲೂ ಇರಲಿಲ್ಲ. ಆದರೆ ಬ್ರೇಕಿನೊಳಗೆ ಹೀಗೊಂದು ದೋಷ ಬೆಳೆಯುತ್ತಿದ್ದರೆ ಕಾಣುವುದೇ ಒಳ್ಳೆಯದಲ್ಲವೇ? ನಮ್ಮವರ ಮುಂದೆ ಈ ವಾದ ಮಂಡಿಸಿದೆ. ಅವರು ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ, "ಆತು ಮಾರಾಯ್ತಿ, ನೀನೇ ಹೊಡಿ" ಎಂದರು. ಅಂದಿನಿಂದ ಕಾರು ನಿಲ್ಲುವ ಜಾಗ ಬದಲಾಯಿತು, ಓಣಿಯ ಬಲಬದಿಯ ಕಲ್ಲುಹಾಸಿಗೆ.

ಹೊರಟ ದಿನ ಅತ್ತೆ ಇಳಕಲ್ ಸೀರೆ ಉಟ್ಟು ನನ್ನ ಪಕ್ಕದಲ್ಲಿ ಕೂತರು, ಬಸು ಹಿಂದೆ ಬುತ್ತಿಯ ಗಂಟುಗಳ ನಡುವೆ. ಎಂಜಿನ್ ಚಾಲೂ ಮಾಡಿದೆ. ಮೂವರೂ ಫಲಕವನ್ನೇ ನೋಡಿದೆವು. ಒಂದೊಂದಾಗಿ ಆರಿ, ಕೊನೆಗೆ ಆ ಎರಡೂ ಆರಿದವು. ಸೋಲಾಪುರದ ರಸ್ತೆ ಅಗಲವಾಗಿತ್ತು, ನಾನೂ ಅವತ್ತು ಹುರುಪಿನಲ್ಲಿದ್ದೆ, ಚೆನ್ನಾಗಿಯೇ ಓಡಿಸಿದೆ. ಆದರೆ ವೇಗದಲ್ಲಿ ದೀಪ ಹೊತ್ತದಿರುವುದು ಯಾವ ದೊಡ್ಡ ಮಾತು? ಅದು ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

ಮಧ್ಯಾಹ್ನ ಇಂಡಿಯ ಹತ್ತಿರ ನಿಂಬೆಯ ತೋಟಗಳು ಶುರುವಾದವು. ಅಗಸಿ ಕಾಣಿಸಿತು. ಕಟ್ಟೆಯ ಮೇಲೆ ಜನ ಕೂತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಕಿಟಕಿಯ ಗಾಜು ಪೂರ್ತಿ ಇಳಿಸಿದರು.

"ಸುಮಿತ್ರಾ, ಇನ್ನ ಸಾವಕಾಶ ಹೋಗು."

"ಯಾಕ್ರಿ ಅತ್ತಿ? ರಸ್ತಾ ಚೊಲೋ ಅದಲ್ಲರಿ."

"ರಸ್ತಾ ಚೊಲೋನೇ ಅದ. ಮಂದಿ ನೋಡಬ್ಯಾಡೇನು?"

ನಾನು ವೇಗ ಇಳಿಸಿದೆ. ಕಟ್ಟೆಯ ಮೇಲಿದ್ದವರೊಬ್ಬರು ಎದ್ದು ನಿಂತರು. ಮನೆಗಳ ಬಾಗಿಲಿಗೆ ಹೆಂಗಸರು ಬಂದರು, ಒಬ್ಬಾಕೆ ಇನ್ನೊಬ್ಬಾಕೆಯ ತೋಳು ಹಿಡಿದೆಳೆದು ನನ್ನ ಕಡೆಗೆ ಕೈ ತೋರಿಸಿದಳು. ಕಾರು ಈಗ ಮನುಷ್ಯರು ನಡೆಯುವಷ್ಟೇ ಸಾವಕಾಶ ಹೋಗುತ್ತಿತ್ತು. ನಾನು ಕಣ್ಣು ಕೆಳಗೆ ಹಾಕಿ ಫಲಕ ನೋಡಿದೆ. ಅತ್ತೆಯೂ ಜನರ ಕಡೆಗೆ ನಗುತ್ತಲೇ ಓರೆಗಣ್ಣಿನಿಂದ ಅದನ್ನೇ ನೋಡುತ್ತಿದ್ದರು. ಎರಡು ದೀಪಗಳ ಜಾಗ ಕಪ್ಪಗಿತ್ತು.

"ಇನ್ನೂ ಸಾವಕಾಶ" ಎಂದರು ಅತ್ತೆ.

ನಾನು ಇನ್ನೂ ಸಾವಕಾಶ ಮಾಡಿದೆ.